ಮರುಭೂಮಿಯ ಹಬ್ಬದಲ್ಲಿ ಹೊಸಬರ ಮುಖ ಹಿಡಿದದ್ದು

ಜೈಸಲ್ಮೇರಿನ ಮರು ಮಹೋತ್ಸವದ ದೃಶ್ಯಗಳಿಗೆ ಬರವಿಲ್ಲ. ಒಂಟೆ ಓಟ, ಮೀಸೆ ಸ್ಪರ್ಧೆ, ಪಗಡಿ ಕಟ್ಟುವ ಪಂದ್ಯ, ಸಮ್ ಮರಳುದಿಬ್ಬಗಳ ಸೂರ್ಯಾಸ್ತ ಎಲ್ಲವನ್ನೂ ಎಷ್ಟೋ ಮಂದಿ ಚೆನ್ನಾಗಿ ತೆಗೆದಿಟ್ಟಿದ್ದಾರೆ. ನನಗೆ ಬೇಕಾದದ್ದು ಬೇರೆ. ಕಾಸರಗೋಡಿನ ಬದಿಯಡ್ಕದ ಕಡೆ ಯಕ್ಷಗಾನ ಹಿಮ್ಮೇಳ ಕಲಿಯುವ ಹುಡುಗರು, ಜತೆಗೊಬ್ಬ ಹಿರಿಯ ಭಾಗವತರು, ಆ ಹಬ್ಬವನ್ನು ಮೊದಲ ಸಲ ನೋಡುವಾಗ ಅವರಿಗೆ ಏನಾಗುತ್ತದೆ? ಮರಳೆಂದರೆ ಹೊಳೆಬದಿ, ಕಡಲಬದಿ ಅಂತಷ್ಟೇ ತಿಳಿದವರು ಇವರು. ಹಾಗಾಗಿ ನನ್ನ ಸಾಕ್ಷ್ಯಚಿತ್ರದ ಕ್ಯಾಮರಾ ಹೆಚ್ಚು ಹೊತ್ತು ವೇದಿಕೆಗೆ ಬೆನ್ನು ಹಾಕಿಯೇ ನಿಂತಿತು.

ಚಿತ್ರೀಕರಣವನ್ನು ಹೊರಡುವ ಮೊದಲೇ ಶುರು ಮಾಡಿದೆ. ಒಬ್ಬೊಬ್ಬರನ್ನೂ ಅವರವರ ಮನೆಯ ಜಗಲಿಯಲ್ಲಿ ಕೂರಿಸಿ "ಅಲ್ಲಿ ಏನಿರಬಹುದು?" ಅಂತ ಕೇಳಿದೆ. ಉತ್ತರಗಳು ಕನ್ನಡ, ತುಳು, ಮಲಯಾಳ ಮೂರರಲ್ಲೂ ಬಂದವು. ಹೊಸಬರ ಚಿತ್ರ ಮಾಡುವವರು ಈ ಕೆಲಸ ಬಿಡಲೇಬಾರದು. ನೋಡಿ ಬಂದ ಮೇಲೆ ಮೊದಲಿನ ಊಹೆ ಯಾರಿಗೂ ನೆನಪಿರುವುದಿಲ್ಲ.

ಹಬ್ಬ ಮಾಘ ಹುಣ್ಣಿಮೆಗೆ ಮುಗಿಯುತ್ತದೆ. ಮಂಗಳೂರು ಜಂಕ್ಷನ್ನಿನಿಂದ ಮರುಸಾಗರ್ ರೈಲಿನಲ್ಲಿ ಅಜ್ಮೇರಿಗೆ ಹೋಗಿ, ಜೋಧಪುರದ ಮೇಲಾಗಿ ಜೈಸಲ್ಮೇರ್ ಸೇರಿದೆವು. ತಾಂತ್ರಿಕ ವಿಷಯ ಎರಡೇ ಹೇಳುತ್ತೇನೆ. ದಿಬ್ಬದ ಮೇಲೆ ಲೆನ್ಸ್ ಬದಲಿಸಬಾರದು; ಒಂದೇ ಜೂಮ್ ಲೆನ್ಸ್ ಹಾಕಿ, ಕ್ಯಾಮರಾಕ್ಕೆ ಬಟ್ಟೆ ಸುತ್ತಿಕೊಂಡೇ ಹೋಗಬೇಕು. ಬೆಳಕನ್ನು ಕ್ಯಾಮರಾದ ಲೆಕ್ಕಕ್ಕೆ ಬಿಟ್ಟರೆ ಮರಳಿನ ಹೊಳಪಿಗೆ ಹೆದರಿ ಅದು ಇಡೀ ಚಿತ್ರವನ್ನು ಮಂಕು ಮಾಡುತ್ತದೆ, ನಮ್ಮವರ ಮುಖವೆಲ್ಲ ಕಪ್ಪಾಗುತ್ತದೆ. ನಾನು ಮುಖಕ್ಕೆ ಹೊಂದಿಸಿದೆ. ಮರಳು ಬೇಕಾದಷ್ಟು ಬಿಳಿಚಿಕೊಳ್ಳಲಿ.

ಚಿತ್ರದ ಜೀವ ಸಿಕ್ಕಿದ್ದು ವೇದಿಕೆಯಿಂದ ದೂರದಲ್ಲಿ. ಹುಡುಗನೊಬ್ಬ ಕೋಣೆಯಲ್ಲಿ ಚೆಂಡೆಗೆ ಕೋಲು ಮುಟ್ಟಿಸಿದವನೇ ತಲೆಯೆತ್ತಿದ. "ಅಣ್ಣಾ, ಇದು ನನ್ನ ಚೆಂಡೆಯೇ ಹೌದಾ?" ನಾದ ಅಷ್ಟು ಏರಿತ್ತು. ನಮ್ಮಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಮಿಕ್ಕಿ ಮಳೆ. ಮಳೆಗಾಲದ ಆಟಿ ತಿಂಗಳಲ್ಲಿ ಚರ್ಮ ಸಡಿಲಾಗಿ ಕೆಂಡದ ಕಾವು ತೋರಿಸಬೇಕು. ಜೈಸಲ್ಮೇರಿನಲ್ಲಿ 200 ಮಿ.ಮೀ. ಬಿದ್ದರೆ ಹೆಚ್ಚು. ಒಣಗಾಳಿ ಚರ್ಮದ ಪಸೆ ಹೀರಿ ಬಿಗಿ ಮಾಡಿತ್ತು. ಮರುಭೂಮಿಯನ್ನು ಅವನು ಮೊದಲು ಅರಿತದ್ದು ಕೋಲಿನ ತುದಿಯಿಂದ. ಈ ದೃಶ್ಯಕ್ಕೆ ನಾನು ಸಂಗೀತ ಸೇರಿಸಲಿಲ್ಲ, ಕತ್ತರಿಯೂ ಹಾಕಲಿಲ್ಲ.

ಮಾಂಗಣಿಯಾರ್ ಕಲಾವಿದರ ಮನೆಗೆ ಹೋದಾಗ ಮೊದಲ ದಿನ ಕ್ಯಾಮರಾ ಚೀಲದಲ್ಲೇ ಇತ್ತು. ಹಾಡು ಅವರ ಅನ್ನ. ಎಷ್ಟು ಹಾಡು, ಏನು ಸಂಭಾವನೆ, ಎಲ್ಲಿ ತೋರಿಸುತ್ತೇವೆ ಎಂಬುದೆಲ್ಲ ಮಾತಾಡಿ ಮುಗಿಸದೆ ರೆಕಾರ್ಡ್ ಮಾಡುವುದು ಸರಿಯಲ್ಲ. ಅವರು ಮುಸ್ಲಿಮರು. ತಲೆಮಾರುಗಳಿಂದ ತಮ್ಮನ್ನು ಪೋಷಿಸುವ ರಜಪೂತ ಜಜಮಾನರ ಮನೆಗಳಲ್ಲಿ ಹುಟ್ಟಿಗೆ, ಮದುವೆಗೆ ಹಾಡುತ್ತಾರೆ, ಆ ಮನೆಗಳ ವಂಶಾವಳಿಯನ್ನೂ ನೆನಪಿಟ್ಟಿರುತ್ತಾರೆ. ಇದನ್ನು ವಿವರಿಸಿ ಹೇಳಿದಾಗ ಭಾಗವತರು ತಕ್ಷಣ ಕೇಳಿದರು: "ಹಾಗಾದರೆ ವರ್ಷವೂ ಹರಕೆಗೆ ಯಕ್ಷಗಾನ ಆಟ ಆಡಿಸುವ ಮನೆಗಳಿಗೂ ನಮ್ಮ ಮೇಳಕ್ಕೂ ಇರುವ ಸಂಬಂಧವೇ ಅಲ್ವಾ ಮಾರಾಯ್ರೆ?"

ಹಬ್ಬದ ಮೈದಾನದಲ್ಲಿ ಸಾವಿರಾರು ಜನರ ನಡುವೆ ಕೂತಾಗ ಅವರ ಬಾಯಿಂದ ಈ ಮಾತು ಬಂದಿರಲಿಲ್ಲ. ಆಮೇಲೆ ಅವರು ಮಾಂಗಣಿಯಾರರ ತಂತಿವಾದ್ಯ ಕಮಾಯಿಚವನ್ನು ತೊಡೆಯ ಮೇಲಿಟ್ಟು ನೋಡಿದರು. ಮಾವಿನ ಮರ, ಆಡಿನ ಚರ್ಮ, ಕರುಳಿನ ತಂತಿ. "ನಮ್ಮ ಮದ್ದಳೆಗೆ ಹಲಸು" ಅಂದರು. ಹಾಗೆಯೇ ಜಾಗಟೆ ಹಿಡಿದು ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ಒಂದು ಪದ ಎತ್ತಿದರು. ಮರದ ತುಂಡುಗಳ ತಾಳವಾದ್ಯ ಖಡತಾಲ್ ನುಡಿಸುವವರು ಒಂದು ಆವರ್ತ ಕೇಳಿ, ಎರಡನೆಯದಕ್ಕೆ ಸೇರಿಕೊಂಡರು. ಅವರ ನಡುವೆ ಮಾತಿಗೆ ಭಾಷೆಯಿರಲಿಲ್ಲ. ಹುಡುಗರ ಕಣ್ಣು ಆ ಮರದ ತುಂಡುಗಳಿಂದ ಕದಲಲಿಲ್ಲ. ಇಷ್ಟು ವರ್ಷದ ಕ್ಯಾಮರಾ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಶಾಟ್ ಇದು.

ಸಂಕಲನದಲ್ಲಿ ಒಂಟೆ ಓಟ ಪೂರ್ತಿ ಹೋಯಿತು, ದಿಬ್ಬದ ಹುಣ್ಣಿಮೆ ಅರ್ಧ ನಿಮಿಷಕ್ಕೆ ಇಳಿಯಿತು. ಹಿನ್ನೆಲೆ ನಿರೂಪಣೆ ಇಡಲಿಲ್ಲ. ಕನ್ನಡ, ಮಲಯಾಳ ಅಡಿಬರಹ ಕೊಟ್ಟೆ. ಊರಿನ ಗ್ರಂಥಾಲಯದಲ್ಲಿ ತೋರಿಸುವ ಮೊದಲು ಪ್ರತಿಯನ್ನು ಮಾಂಗಣಿಯಾರ್ ಮನೆಯವರಿಗೆ ಕಳಿಸಿದೆ. ಜಜಮಾನರ ಮನೆಯ ಖಾಸಗಿ ಹಾಡೊಂದನ್ನು ತೆಗೆಯಿರಿ ಎಂದರು. ಅದು ಬಹಳ ಚೆಂದದ ಹಾಡು. ತೆಗೆದೆ.