ಸೇನೆಗೆ ಆಯ್ಕೆಯಾದ ಮಗ ‘ಹೋಗಲ್ಲ’ ಅಂದರೆ ಏನು ಮಾಡಬೇಕು?

ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಬೆಳಿಗ್ಗೆ ಐದಕ್ಕೆ ಎದ್ದು ತುಂಗಭದ್ರಾ ಎಡದಂಡೆ ಕಾಲುವೆ ದಾರಿಗೆ ಹೋಗಿ ನೋಡಿ, ಹುಡುಗರು ಓಡುತ್ತಿರುತ್ತಾರೆ. ಒಬ್ಬ ಮೊಬೈಲ್ ಹಿಡಿದು ಟೈಮ್ ನೋಡುತ್ತಿರುತ್ತಾನೆ. 1.6 ಕಿಲೋಮೀಟರ್, ಐದೂವರೆ ನಿಮಿಷ. ನಮ್ಮ ಅಕ್ಕನ ಮಗನೂ ಹೀಗೆ ಎರಡು ವರ್ಷ ಓಡಿದ. ಸೇನೆಗೆ ನಾಲ್ಕು ವರ್ಷಕ್ಕೆ ಸೇರಿಸಿಕೊಳ್ಳುವ ಅಗ್ನಿವೀರ್ ಪರೀಕ್ಷೆ ಪಾಸಾದ, ಓಟ, ದೈಹಿಕ ಪರೀಕ್ಷೆ ನಡೆಯುವ ರ‍್ಯಾಲಿಯಲ್ಲೂ ಗೆದ್ದ. ಊರವರು ಬ್ಯಾನರ್ ಕಟ್ಟಿದರು. ಅದಾದ ಮೂರನೇ ರಾತ್ರಿ ಅವನು ಅಡುಗೆಮನೆಗೆ ಬಂದು ಕೂತು, ‘ಯವ್ವಾ, ನನಗ ಹೋಗಾಕ ಮನಸ್ಸಿಲ್ಲ’ ಅಂದ.

ಅಕ್ಕ ಅಳುತ್ತಾ ನನಗೆ ಫೋನ್ ಮಾಡಿದಳು. ಆ ಹೊತ್ತಿಗೆ ನನಗೂ ಏನು ಹೇಳಬೇಕೋ ಗೊತ್ತಿರಲಿಲ್ಲ. ಆಮೇಲೆ ಕೇಳಿ, ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದು: ಆ ರಾತ್ರಿ ಸುಮ್ನೆ ಕೇಳಿಸಿಕೊಳ್ಳಿ

‘ಊರಿಗೆ ಏನು ಮುಖ ತೋರಿಸೋದು?’ ಈ ಒಂದು ಮಾತು ಮಾತ್ರ ಆಡಬೇಡಿ. ಅದೇ ಪ್ರಶ್ನೆ ಮೂರು ದಿನದಿಂದ ಅವನ ತಲೆಯಲ್ಲೇ ಸುತ್ತುತ್ತಿರುತ್ತದೆ. ‘ಹೋಗಲೇಬೇಕು’ ಅನ್ನಬೇಡಿ, ‘ಬಿಟ್ಟುಬಿಡು’ ಅಂತಲೂ ಅನ್ನಬೇಡಿ. ‘ಹೇಳಿದ್ದು ಚಲೋ ಆತು ಯಪ್ಪಾ, ಇನ್ನೂ ಟೈಮ್ ಐತಿ, ಕೂಡಿ ನೋಡೋಣ’ ಅಂದರೆ ಅವತ್ತಿಗೆ ಸಾಕು.

ಎರಡನೆಯದು: ಬೇಡ ಅನ್ನಿಸಿದ್ದು ಏನು?

ಇದಕ್ಕೆ ಹೆಚ್ಚು ದಿನ ಕೊಡಿ. ‘ಬೇಡ’ ಅನ್ನುವ ಒಂದೇ ಮಾತಿನ ಹಿಂದೆ ಹತ್ತು ಕಾರಣ ಇರಬಹುದು. ಹಿಂದಿ ಬಾರದು, ಅಲ್ಲಿ ಬೈದರೆ ಅರ್ಥವೂ ಆಗಲ್ಲ ಅನ್ನುವ ಅಂಜಿಕೆ. ರಾಯಚೂರು ಬಿಸಿಲಲ್ಲಿ ಬೆಳೆದವನಿಗೆ ಹಿಮದ ಚಿಂತೆ. ಭತ್ತದ ನಾಟಿ ಹೊತ್ತಿಗೆ ಅಪ್ಪ ಒಬ್ಬನೇ ಆಗುತ್ತಾನಲ್ಲ ಅನ್ನುವ ಸಂಕಟ. ನಾಲ್ಕು ವರ್ಷ ಆದಮೇಲೆ ಮುಂದೇನು ಅನ್ನುವ ಲೆಕ್ಕ. ಸಾಯುವ ಭಯ. ಅಥವಾ ಇದು ಮೊದಲಿಂದಲೂ ಅಪ್ಪನ ಆಸೆ, ಅವನದ್ದಲ್ಲ.

ಒಂದೊಂದಕ್ಕೂ ಉತ್ತರ ಬೇರೆ. ಭಾಷೆಯ ಅಂಜಿಕೆ ಆಗಿದ್ದರೆ ಎರಡು ತಿಂಗಳಲ್ಲಿ ಮಾತಾಡುವಷ್ಟು ಹಿಂದಿ ಕಲಿಸಬಹುದು. ಅಪ್ಪನ ಆಸೆ ಆಗಿದ್ದರೆ ಮಾತಾಡಿಸಬೇಕಾದದ್ದು ಮಗನನ್ನಲ್ಲ, ಅಪ್ಪನನ್ನು.

ಎದುರಿಗೆ ಕೂರಿಸಿಕೊಂಡು ‘ಯಾಕ?’ ಅಂತ ಕೇಳಿದರೆ ಬಾಯಿ ಬಿಡಲ್ಲ. ಬೈಕ್ ಮೇಲೆ ಹಿಂದೆ ಕೂತಾಗ, ಗದ್ದೆಗೆ ನೀರು ಬಿಡುವಾಗ ಕೇಳಿ. ಆ ವಯಸ್ಸಿನ ಹುಡುಗರು ಪಕ್ಕದಲ್ಲಿದ್ದರೆ ಮಾತಾಡುತ್ತಾರೆ. ‘ಹೋದ ಮೊದಲನೇ ದಿನ ಹೆಂಗಿರ್ತದ ಅನ್ನಿಸ್ತದ ನಿನಗ?’ ಅಂತ ಶುರು ಮಾಡಿ.

ಮೂರನೆಯದು: ಅವನು ಯಾವ ಹಂತದಲ್ಲಿದ್ದಾನೆ?

ಇಲ್ಲಿ ಜಾಸ್ತಿ ಜನ ತಪ್ಪು ತಿಳಿದಿರುತ್ತಾರೆ. ಪರೀಕ್ಷೆ, ರ‍್ಯಾಲಿ, ಮೆಡಿಕಲ್ ಎಲ್ಲ ಮುಗಿದು ಹೆಸರು ಬಂದಿದ್ದರೂ ಸೇನೆಗೆ ದಾಖಲಾಗುವವರೆಗೆ ಅವನು ನಮ್ಮ ನಿಮ್ಮಂತೆ ಸಾಮಾನ್ಯ ನಾಗರಿಕ. ಹೋಗದಿದ್ದರೆ ಆ ಅವಕಾಶ ಕೈತಪ್ಪುತ್ತದೆ, ಆದರೆ ಅದು ಅಪರಾಧವಲ್ಲ. ಪೊಲೀಸರು ಮನೆಗೆ ಬರುತ್ತಾರೆ ಅನ್ನುವುದು ಬರೀ ಹೆದರಿಕೆ. ಮಗ ಸೇರಲ್ಲ ಅಂತ ಸೇನಾ ನೇಮಕಾತಿ ಕಚೇರಿಗೆ ಬರವಣಿಗೆಯಲ್ಲಿ ತಿಳಿಸಿಬಿಡಿ. ಕೊಪ್ಪಳ, ರಾಯಚೂರಿನವರಿಗೆ ಅದು ಬೆಳಗಾವಿಯಲ್ಲಿದೆ. ಮಗನಿಗೆ 18 ತುಂಬಿಲ್ಲದಿದ್ದರೆ ದಾಖಲಾತಿ ಅರ್ಜಿಗೆ ತಂದೆ-ತಾಯಿಯ ಸಹಿಯೂ ಬೇಕು. ಅವನ ಮನಸ್ಸು ತಿಳಿಯದೆ ಆ ಸಹಿ ಹಾಕಬೇಡಿ.

ದಾಖಲಾದ ಮೇಲೆ ಮಾತೇ ಬೇರೆ. ಆಗ 1950ರ ಸೇನಾ ಕಾಯ್ದೆ ಅನ್ವಯಿಸುತ್ತದೆ. ನಾಲ್ಕು ವರ್ಷ ಮುಗಿಯುವ ಮೊದಲು ಸ್ವಂತ ಇಚ್ಛೆಯಿಂದ ಬಿಟ್ಟು ಬರಲು ಸಾಮಾನ್ಯವಾಗಿ ಬಿಡಲ್ಲ, ತೀರಾ ವಿಶೇಷ ಸಂದರ್ಭ ಇದ್ದರೆ ಮಾತ್ರ. ಆದ್ದರಿಂದ ತರಬೇತಿಯಲ್ಲಿರುವ ಮಗ ಫೋನ್ ಮಾಡಿ ಅತ್ತರೆ ‘ರೈಲು ಹತ್ತಿ ಬಂದುಬಿಡು’ ಅಂತ ಮಾತ್ರ ಹೇಳಬೇಡಿ. ಅನುಮತಿ ಇಲ್ಲದೆ ಬರುವುದು ಶಿಕ್ಷೆಗೆ ಗುರಿಯಾಗುವ ಅಪರಾಧ. ಅಲ್ಲಿನ ಮೇಲಧಿಕಾರಿಗೆ ನೇರವಾಗಿ ಹೇಳಲು ಧೈರ್ಯ ತುಂಬಿ. ಮೈ ಸರಿ ಇಲ್ಲದಿದ್ದರೆ ಅಲ್ಲಿನ ಡಾಕ್ಟರಿಗೆ ತೋರಿಸಲು ಹೇಳಿ.

ಮೂಲ ಅಂಕಪಟ್ಟಿ ಎಲ್ಲಿದೆ ಅಂತಲೂ ನೋಡಿಕೊಳ್ಳಿ. ನಮ್ಮ ಹುಡುಗನದ್ದು ಒಂದು ಕೋಚಿಂಗ್ ಸೆಂಟರ್‌ನಲ್ಲಿತ್ತು. ಬಾಕಿ ಫೀಸು ಕಟ್ಟಿ ಬಿಡಿಸಿಕೊಂಡು ಬಂದೆವು.

ನಾಲ್ಕನೆಯದು: ಲೆಕ್ಕವನ್ನು ಹಾಳೆ ಮೇಲೆ ಬರೆಯಿರಿ

ಅಗ್ನಿವೀರರನ್ನು ಸೇರಿಸಿಕೊಳ್ಳುವ ಅಗ್ನಿಪಥ್ ಯೋಜನೆ ಘೋಷಣೆಯಾದದ್ದು 2022ರ ಜೂನ್‌ನಲ್ಲಿ. ಆಗ ಹೇಳಿದ ಪ್ರಕಾರ ತಿಂಗಳಿಗೆ ಮೊದಲ ವರ್ಷ 30,000, ನಾಲ್ಕನೇ ವರ್ಷ 40,000 ರೂಪಾಯಿ. ಅದರಲ್ಲಿ ಶೇ 30 ನಿಧಿಗೆ ಹೋಗುತ್ತದೆ, ಅಂದರೆ ಮೊದಲ ವರ್ಷ ಕೈಗೆ ಬರುವುದು 21,000. ಸರ್ಕಾರವೂ ಅಷ್ಟೇ ಹಾಕುತ್ತದೆ. ಕೊನೆಗೆ ಬಡ್ಡಿ ಸೇರಿ ಸುಮಾರು 11.71 ಲಕ್ಷ ಸಿಗುತ್ತದೆ. ಪಿಂಚಣಿ ಇಲ್ಲ. ಕಾಯಂ ಆಗಿ ಉಳಿಸಿಕೊಳ್ಳುವುದು ಪ್ರತಿ ತಂಡದಲ್ಲಿ ಶೇ 25ರವರೆಗೆ. ಇದನ್ನು ಬರೆದು ಅವನ ಮುಂದಿಡಿ. ಒಬ್ಬನಿಗೆ ಇದು ಒಳ್ಳೆಯ ಮೊತ್ತ ಅನ್ನಿಸಬಹುದು, ಇನ್ನೊಬ್ಬನಿಗೆ ಸಾಲದು. ಎರಡೂ ಸರಿಯೇ.

ಊರಲ್ಲೋ ಪಕ್ಕದ ಊರಲ್ಲೋ ಸೇನೆಯಲ್ಲಿದ್ದು ಬಂದವರು ಇದ್ದೇ ಇರುತ್ತಾರೆ. ಅವರ ಹತ್ತಿರ ಕಳಿಸಿ, ಆದರೆ ನೀವು ಜೊತೆಗೆ ಕೂರಬೇಡಿ. ‘ಮೊದಲ ತಿಂಗಳು ನೀವೂ ಅತ್ತಿದ್ರಾ ಕಾಕಾ?’ ಅನ್ನುವ ಪ್ರಶ್ನೆಯನ್ನು ಅವನು ಅಪ್ಪನ ಎದುರಿಗೆ ಕೇಳಲಾರ.

ಗಮನ ಇರಲಿ

ಊಟ ಬಿಟ್ಟರೆ, ರಾತ್ರಿಯಿಡೀ ನಿದ್ದೆ ಇಲ್ಲದಿದ್ದರೆ, ‘ನಾನು ಇರಲೇಬಾರದಿತ್ತು’ ಅಂತೇನಾದರೂ ಅಂದರೆ ಸೇನೆಯ ವಿಷಯ ಅಲ್ಲಿಗೇ ಬಿಡಿ, ಅವನೊಬ್ಬನನ್ನೇ ಬಿಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಯಾವ ಹೊತ್ತಿನಲ್ಲಾದರೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮನಸ್ಸಿನ ಡಾಕ್ಟರ ಹತ್ತಿರ ಹೋಗಲು ನಾಚಿಕೆ ಬೇಡ. 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿ ಜಿಲ್ಲೆಯ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲೇ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಕೊಡಿಸಿ ತೋರಿಸಿತು. ‘ಬಳ್ಳಾರಿ ಮಾದರಿ’ ಅಂತ ಅದನ್ನೇ ಮುಂದೆ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿ ಮಾಡಿಕೊಂಡರು.

ಕೊನೆಯದು: ತೀರ್ಮಾನ ಅವನದ್ದು, ಊರಿಗೆ ಹೇಳುವುದು ನಿಮ್ಮದು

ಹೋಗುತ್ತೇನೆ ಅಂದರೆ ಖುಷಿಯಿಂದ ಕಳಿಸಿ, ಹಳೇ ಮಾತು ಎತ್ತಬೇಡಿ. ಬೇಡ ಅಂದರೆ ನೆಂಟರಿಗೆ, ಊರವರಿಗೆ ಉತ್ತರ ಕೊಡುವ ಕೆಲಸ ಅವನ ಮೇಲೆ ಹಾಕಬೇಡಿ. ‘ನಾವೆಲ್ಲ ಕೂಡಿ ಯೋಚನೆ ಮಾಡಿ ಬೇಡ ಅಂದ್ವಿ’ ಅಂತ ಅಪ್ಪನೇ ಹೇಳಲಿ. ಮುಂದಿನ ದಾರಿಯನ್ನೂ ಜೊತೆಗೇ ಹುಡುಕಿ. ಸಂವಿಧಾನದ 371ಜೆ ವಿಧಿಯ ಪ್ರಮಾಣಪತ್ರ ಮಾಡಿಸಿಡಿ, ನಮ್ಮ ಜಿಲ್ಲೆಗಳ ಮಕ್ಕಳಿಗೆ ರಾಜ್ಯ ಸರ್ಕಾರದ ಕೆಲಸದಲ್ಲಿ ಮೀಸಲಾತಿ ಇದೆ. ಓಡಿದ ಓಟವೂ ದಂಡ ಆಗಲ್ಲ. ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯಲ್ಲಿ ಹುಡುಗರು 1,600 ಮೀಟರ್ ಓಡಲು ಆರೂವರೆ ನಿಮಿಷ ಕೊಡುತ್ತಾರೆ.

ನಮ್ಮ ಭಾವ ಎಂಟು ದಿನ ಮಗನ ಹತ್ತಿರ ಮಾತು ಬಿಟ್ಟಿದ್ದರು. ಒಂಬತ್ತನೇ ದಿನ ಬೆಳಿಗ್ಗೆ ತಾವೇ ಏಣಿ ತಗೊಂಡು ಹೋಗಿ ಬ್ಯಾನರ್ ಬಿಚ್ಚಿದರು. ಹರಿಯದ ಹಾಗೆ ಮಡಚಿ ತಂದು ಟ್ರಂಕಿನಲ್ಲಿ ಇಟ್ಟರು. ‘ಗೆದ್ದಿದ್ದು ಖರೇ ಅಲ್ಲೇನು?’ ಅಂದರು ಅಕ್ಕನಿಗೆ. ಮಗ ಈಗಲೂ ಐದಕ್ಕೆ ಎದ್ದು ಕಾಲುವೆ ದಾರಿಯಲ್ಲಿ ಓಡುತ್ತಾನೆ. ಟೈಮ್ ನೋಡಲು ಕೆಲವು ದಿನ ಭಾವನೇ ಮೊಬೈಲ್ ಹಿಡಿದು ನಿಲ್ಲುತ್ತಾರೆ.