ಫುಟ್ಸಾಲ್ ಹುಡುಗ್ರ ಸ್ಟ್ಯಾಮಿನಾ ನಾನು ಹೆಂಗ ನೋಡ್ಕೋತೀನಿ

ಬೆಳಗಾವ್ಯಾಗ ಜೂನ್ ಹತ್ತಿತಂದ್ರ ಮೈದಾನೆಲ್ಲಾ ಕೆಸರು, ಹಂಗಾಗಿ ನಮ್ಮ ಹುಡುಗ್ರು ಮಳಿಗಾಲ ಪೂರ್ತಿ ಒಳಗ ಫುಟ್ಸಾಲ್ (ಸಣ್ಣ ಕೋರ್ಟಿನ ಫುಟ್ಬಾಲ್) ಆಡ್ತಾರ, ಅವರ ಫಿಟ್ನೆಸ್ ನೋಡ್ಕೊಳ್ಳೋ ಕೆಲಸ ನಂದು. ಸಣ್ಣ ಕೋರ್ಟ್, ಐದೈದು ಮಂದಿ, ಇದಕ್ಕೆಂಥಾ ಸ್ಟ್ಯಾಮಿನಾ ಅಂತ ಭಾಳ ಮಂದಿ ಕೇಳ್ತಾರ. ಖರೇ ನೋಡಿದ್ರ ಇದರಾಗ ಉಸುರು ತಗೊಳ್ಳಾಕ ಪುರಸೊತ್ತೇ ಸಿಗಂಗಿಲ್ಲ. 40 ಮೀಟರ್ ಉದ್ದ, 20 ಮೀಟರ್ ಅಗಲ ಅಷ್ಟ, ಬಾಲ್ ಕಳ್ಕೊಂಡ ಕೂಡ್ಲೇ ಹಿಂದ ಓಡ್ಬೇಕು, ದೊಡ್ಡ ಮ್ಯಾಚ್‌ನಾಗ ಆಟಗಾರರ ಹಾರ್ಟ್ ರೇಟ್ ಸರಾಸರಿ ಮ್ಯಾಕ್ಸಿಮಮ್‌ನ 85-90 ಪರ್ಸೆಂಟ್ ಹತ್ರ ಇರ್ತೈತಿ. ಎಷ್ಟು ಬೇಕಾದ್ರೂ ಬದಲಿ ಇಳಿಸಬಹುದು ಅಂತ ರೂಲ್ ಇರೋದ್ರಿಂದನ ಈ ಸ್ಪೀಡ್ ನಡೀತೈತಿ.

ಸೀಸನ್ ಶುರುವಿಗೆ ಒಮ್ಮೆ, ನಡುವ ಒಮ್ಮೆ ಯೋ-ಯೋ ಟೆಸ್ಟ್ ಪೂರಾ ಮಾಡಿಸ್ತೀನಿ, ಲೆವೆಲ್ ಒಂದು. 20 ಮೀಟರ್ ಹೋಗಿ 20 ಮೀಟರ್ ಬರೋದು, ಆಮ್ಯಾಲ 10 ಸೆಕೆಂಡ್ ನಿಧಾನ ನಡಿಗಿ, ಬೀಪ್ ಬಂದಂಗ ಸ್ಪೀಡ್ ಏರ್ತೈತಿ. ನಡಿಗಿಗೆ ಹಿಂದ 5 ಮೀಟರ್ ಜಾಗ ಬೇಕು, ಅದಕ್ಕ ಕೋನ್ ಯಾವಾಗ್ಲೂ ಕೋರ್ಟಿನ ಉದ್ದಕ್ಕ ಇಡ್ರಿ, ಅಗಲಕ್ಕ ಇಟ್ರ ಹುಡುಗ್ರು ಗೋಡಿಗೆ ಹೋಗಿ ಬಡೀತಾರ. ನಮ್ಮ ದೇಶದ ಕ್ರಿಕೆಟ್‌ನವರಿಗೆ ಈ ಟೆಸ್ಟ್‌ನಾಗ ಪಾಸಾಗಾಕ ಒಂದು ಕಾಲಕ್ಕ 16.1 ಸ್ಕೋರ್ ಬೇಕಿತ್ತು, ಅದು ದೂರದ ಲೆಕ್ಕದಾಗ 1120 ಮೀಟರ್. ಅದನ್ನ ಫಾರ್ಮುಲಾಕ್ಕ ಹಾಕಿದ್ರ ವಿಒ2 ಮ್ಯಾಕ್ಸ್ (ಮೈ ಹೆಚ್ಚಂದ್ರ ಎಷ್ಟು ಆಕ್ಸಿಜನ್ ಬಳಸ್ತೈತಿ ಅನ್ನೋ ಅಳತಿ) ಸುಮಾರು 45.8 ಬರ್ತೈತಿ, ಆದ್ರ ನಾನು ಆ ನಂಬರ್ ಬರ್ಕೊಳ್ಳಂಗಿಲ್ಲ, ಒಬ್ಬೊಬ್ಬರಿಗೆ ಹಿಡಿದು ನೋಡಿದ್ರ ಅಂದಾಜು ಭಾಳ ಅತ್ಲಾಗ ಇತ್ಲಾಗ ಆಗ್ತೈತಿ. ಓಡಿದ ಮೀಟರ್ ಅಷ್ಟ ಸಾಕು.

ಖರೇ ಕೆಲಸಕ್ಕ ಬರೋದು ವಾರದ ಟೆಸ್ಟ್. ಅದೇ ಯೋ-ಯೋದ ಮೊದಲಿನ ಆರು ನಿಮಿಷ ಓಡಿಸಿ ನಿಲ್ಲಿಸಿಬಿಡ್ತೀನಿ, ನಿಂತಾಗ ಹಾರ್ಟ್ ರೇಟ್ ಎಷ್ಟು, ಒಂದು ನಿಮಿಷ ಆದಮ್ಯಾಲ ಎಷ್ಟಕ್ಕ ಇಳೀತು ಅಂತ ವಹಿಯಾಗ ಬರೀತೀನಿ. ವಾರ್ಮಪ್ ಇದ್ದಂಗನ ಆಗೋದ್ರಿಂದ ಯಾರೂ ಸುಸ್ತಾಗಂಗಿಲ್ಲ, ನಾಳಿ ಮ್ಯಾಚ್ ಐತಿ ಅಂತ ತಪ್ಪಿಸ್ಕೊಳ್ಳಂಗೂ ಇಲ್ಲ. ಅದೇ ಸ್ಪೀಡಿಗೆ ವಾರದಿಂದ ವಾರಕ್ಕ ಹಾರ್ಟ್ ರೇಟ್ ಇಳೀತಿದ್ರ ದಮ್ಮು ಬರಾಕತ್ತೈತಿ ಅಂತ ಲೆಕ್ಕ. ಮೂರ್ನಾಲ್ಕು ಬೀಟ್ಸ್ ಹೆಚ್ಚು ಕಡಿಮಿಗೆ ತಲಿ ಕೆಡಿಸ್ಕೋಬ್ಯಾಡ್ರಿ, ನಿದ್ದಿ, ಚಹಾ, ಸೆಖಿ, ಎಲ್ಲಾದ್ರಿಂದ್ಲೂ ಅಷ್ಟು ಬದಲಾಗ್ತೈತಿ. ಏಪ್ರಿಲ್ ಸೆಖಿಯಾಗಿನ ನಂಬರ್‌ಗೆ ಜುಲೈ ಮಳಿಯಾಗಿನ ನಂಬರ್ ಹೋಲಿಸೋದಂತೂ ಬ್ಯಾಡೇ ಬ್ಯಾಡ.

ಹಾರ್ಟ್ ರೇಟ್ ಅಳಿಯೋ ಬೆಲ್ಟ್ ಮಾತ್ರ ಎದಿಗೆ ಕಟ್ಟೋದ ಬೇಕು, ಪಟ್ಟಿ ಸ್ವಲ್ಪ ನೀರು ಹಚ್ಚಿ ಕಟ್ರಿ. ಕೈಗಡಿಯಾರ ನಿಂತು-ಓಡಿ ನಿಂತು-ಓಡಿ ಮಾಡೋ ಆಟಕ್ಕ ಹಿಂದ ಬೀಳ್ತೈತಿ. ಬೆಲ್ಟ್ ಎಲ್ಲಾರಿಗೂ ಕೊಳ್ಳಾಕ ಆಗಂಗಿಲ್ಲ, ಎರಡು ಇದ್ರ ಪಾಳಿ ಮ್ಯಾಲ ನಡೀತೈತಿ. ಮ್ಯಾಕ್ಸಿಮಮ್ ಹಾರ್ಟ್ ರೇಟ್‌ಗೆ 220ರಾಗ ವಯಸ್ಸು ಕಳಿಯೋ ಲೆಕ್ಕ ನಾನು ನಂಬಂಗಿಲ್ಲ, ಪೂರಾ ಟೆಸ್ಟ್‌ನಾಗ ಕಂಡ ಎಲ್ಲಾಕ್ಕಿಂತ ದೊಡ್ಡ ನಂಬರ್ ತಗೋತೀನಿ.

ಇದರ ಜೋಡಿ ಪ್ರಾಕ್ಟೀಸ್ ಮುಗಿದು ಅರ್ಧ ತಾಸಿಗೆ ಒಂದ ಪ್ರಶ್ನೆ, "ಹತ್ತರಾಗ ಎಷ್ಟು ದಣಿದಿಯಪ್ಪಾ?" ಆ ನಂಬರ್‌ನ ನಿಮಿಷಕ್ಕ ಗುಣಿಸಿದ್ರ ಅವತ್ತಿನ ಲೋಡ್, ಅಂದ್ರ ಮೈಮ್ಯಾಲ ಬಿದ್ದ ಭಾರ. 60 ನಿಮಿಷಕ್ಕ 7 ಅಂದ್ರ 420. ಗೆಳ್ಯಾರ ಮುಂದ ಕೇಳಿದ್ರ ಎಲ್ಲಾರೂ 4 ಅಂತಾರ, ಅದಕ್ಕ ಒಬ್ಬೊಬ್ಬರನ್ನ ಬಾಜೂಕ್ಕ ಕರದು ಕೇಳ್ತೀನಿ. ಲೋಡ್ ಮೊದಲಿನಷ್ಟ ಇದ್ದು ಆರು ನಿಮಿಷದ ಹಾರ್ಟ್ ರೇಟ್ ಒಮ್ಮೆಲೇ ಹತ್ತು ಬೀಟ್ಸ್ ಏರಿದ್ರ ಮೊದಲ ಜ್ವರ ಐತೇನು, ರಾತ್ರಿ ನಿದ್ದಿ ಆಗೇತೇನು ಅಂತ ಕೇಳಿ, ಅವತ್ತು ಆ ಹುಡುಗನ್ನ ಕೂಡಿಸಿಬಿಡ್ತೀನಿ, ಎಷ್ಟೇ ಹಟ ಹಿಡದ್ರೂ.