ಬಂಡೆಯನ್ನು ಕೆದಕದೆ ದಾಖಲಿಸುವುದು ಹೇಗೆ?

ಮಳೆ ನಿಂತು ಸ್ವಲ್ಪ ಹೊತ್ತಾಗಿದೆ. ನೆಲಕ್ಕೆ ಅಂಟಿದ ಬೂದು ಬಂಡೆಯ ಮೇಲೆ ಏಳೆಂಟು ಕಡೆ ನೀರು ನಿಂತಿದೆ. ಎಲ್ಲವೂ ದುಂಡಗೆ, ಅಳಗುಳಿಮಣೆಯ ಗುಳಿಗಳಂತೆ. ಬಗ್ಗಿ ನೋಡಿದರೆ ಒಂದು ಗುಳಿಯ ಸುತ್ತ ತೆಳುವಾದ ಉಂಗುರ, ಅದರಾಚೆ ಇನ್ನೊಂದು. ನಡುವಿನಿಂದ ಒಂದು ಗೀರು ಉಂಗುರಗಳನ್ನು ದಾಟಿಕೊಂಡು ಕೆಳಕ್ಕೆ ಹೋಗಿದೆ. ಇದು ಮಳೆ ಮಾಡಿದ ಕೆಲಸವಲ್ಲ. ಸಾವಿರಾರು ವರ್ಷಗಳ ಹಿಂದೆ ಯಾರೋ ಇಲ್ಲಿ ಕೂತು, ಗಟ್ಟಿ ಕಲ್ಲೊಂದರಿಂದ ಕುಟ್ಟಿ ಕುಟ್ಟಿ ಮೂಡಿಸಿದ್ದು.

ಉತ್ತರ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನಲ್ಲಿ ಇಂಥ ಕಲ್ಲುಗಳು ಸಾವಿರಾರು ಇವೆ. ಬಹಳಷ್ಟು ಇರುವುದು ಮರವಿಲ್ಲದ, ಗಾಳಿ ಬೀಸುವ ಎತ್ತರದ ಬಯಲುಗಳಲ್ಲಿ. ಆ ಬಯಲನ್ನು ಅಲ್ಲಿ ‘ಮೂರ್’ ಎನ್ನುತ್ತಾರೆ. ಯಾರ್ಕ್‌ಷೈರ್‌ನ ಇಲ್ಕ್ಲಿ ಮೂರ್, ನಾರ್ಥಂಬರ್ಲೆಂಡಿನ ಗುಡ್ಡಗಳು ಇದಕ್ಕೆ ಹೆಸರಾದ ಜಾಗಗಳು. ಕೆತ್ತನೆಗಳ ಕಾಲ ಸುಮಾರು ಕ್ರಿ.ಪೂ. 3800ರಿಂದ 1500ರ ನಡುವೆ.

ಇವನ್ನು ದಾಖಲಿಸಲು ಪುರಾತತ್ವ ಓದಿರಲೇಬೇಕು ಅಂತೇನಿಲ್ಲ. 1860ರ ದಶಕದಲ್ಲಿ ಇವುಗಳ ಬಗ್ಗೆ ಶ್ರದ್ಧೆಯಿಂದ ಬರೆದವರಲ್ಲಿ ಒಬ್ಬರು ಜೇಮ್ಸ್ ಯಂಗ್ ಸಿಂಪ್ಸನ್. ಹೆರಿಗೆಗೆ ಕ್ಲೋರೋಫಾರ್ಮ್ ಬಳಕೆಗೆ ತಂದ ಅದೇ ಡಾಕ್ಟರು! 2004ರಿಂದ 2008ರವರೆಗೆ ನಾರ್ಥಂಬರ್ಲೆಂಡ್ ಮತ್ತು ಡರಮ್‌ನಲ್ಲಿ ನಡೆದ ದೊಡ್ಡ ದಾಖಲೆ ಕೆಲಸವನ್ನು ಮೈಮೇಲೆ ಹಾಕಿಕೊಂಡವರೂ ತರಬೇತಿ ಪಡೆದ ಸಾಮಾನ್ಯ ಜನರೇ.

ಹೊರಡುವ ಮೊದಲು

ಆ ಬಂಡೆ ಈಗಾಗಲೇ ದಾಖಲಾಗಿದೆಯೇ ನೋಡಿ. ಇಂಗ್ಲೆಂಡಿನಲ್ಲಿ ಆಯಾ ಪ್ರದೇಶಕ್ಕೆ ಐತಿಹಾಸಿಕ ಪರಿಸರ ದಾಖಲೆ ಎಂಬ ಪಟ್ಟಿ ಇರುತ್ತದೆ. ಜಮೀನಿನ ಮಾಲೀಕರನ್ನು ಕೇಳಿ. 2000ದ ಕಾಯ್ದೆಯಂತೆ ಇಂಗ್ಲೆಂಡಿನ ತೆರೆದ ಬಯಲಲ್ಲಿ ನಡೆದಾಡುವ ಹಕ್ಕು ಎಲ್ಲರಿಗೂ ಇದೆ. ಆದರೆ ಅಗೆಯುವ ಹಕ್ಕು ಅದರಲ್ಲಿ ಸೇರಿಲ್ಲ. ಎಷ್ಟೋ ಕೆತ್ತನೆಗಳು 1979ರ ಕಾಯ್ದೆಯಡಿ ಸಂರಕ್ಷಿತ ಸ್ಮಾರಕಗಳು. ಅವಕ್ಕೆ ಹಾನಿ ಮಾಡಿದರೆ ಅಪರಾಧ. ವಸಂತದಲ್ಲಿ ಹಕ್ಕಿಗಳು ನೆಲದ ಮೇಲೇ ಗೂಡು ಕಟ್ಟುತ್ತವೆ, ಪೊದೆಗಳ ನಡುವೆ ಕಾಲಿಡುವಾಗ ಜೋಪಾನ.

ಮುಟ್ಟುವ ಆಸೆ ಬಿಡಿ

ಇದನ್ನು ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಏಕೆಂದರೆ ಒಳ್ಳೆಯ ಮನಸ್ಸಿನವರೇ ಇಲ್ಲಿ ಎಡವುತ್ತಾರೆ. ಬಂಡೆಯ ಅಂಚಿನ ಹುಲ್ಲಿನಡಿ ಇನ್ನೊಂದು ಉಂಗುರ ಇಣುಕುತ್ತಿರುತ್ತದೆ. ಸುಮ್ನೆ ಒಂಚೂರು ಸರಿಸೋಣ ಅನ್ನಿಸುತ್ತದೆ, ಅಲ್ವಾ? ಬೇಡ. ಆ ಮಣ್ಣು ಇಷ್ಟು ಕಾಲ ಕೆತ್ತನೆಯನ್ನು ಗಾಳಿ, ಮಳೆ, ಹಿಮದಿಂದ ಕಾಪಾಡಿದೆ. ಕೆತ್ತಿದವರ ಕಾಲದ ಕುರುಹುಗಳೂ ಅದರೊಳಗೇ ಇರಬಹುದು. ಕಲ್ಲುಹೂವನ್ನು ಕೆರೆಯಬೇಡಿ. ಅದು ಬೆಳೆಯಲು ದಶಕಗಳೇ ಬೇಕು, ಕಿತ್ತರೆ ಅದರ ಜೊತೆ ಕಲ್ಲಿನ ಕಣಗಳೂ ಬರುತ್ತವೆ. ವೈರ್ ಬ್ರಷ್ ಅಂತೂ ಬೇಡವೇ ಬೇಡ.

ಹಿಂದೆ ಗೀರುಗಳ ಮೇಲೆ ಸೀಮೆಸುಣ್ಣ ತೀಡಿ ಫೋಟೊ ತೆಗೆಯುತ್ತಿದ್ದರು. ಆ ಚಿತ್ರಗಳಲ್ಲಿ ಕಾಣುವುದು ಕೆತ್ತನೆಯಲ್ಲ, ಸುಣ್ಣ ಹಚ್ಚಿದವರಿಗೆ ಕಂಡದ್ದು ಮಾತ್ರ.

2003ರಲ್ಲಿ ಫೈಲಿಂಗ್‌ಡೇಲ್ಸ್ ಮೂರ್‌ನಲ್ಲಿ ಬೆಂಕಿ ಬಿತ್ತು. ಪೊದೆ, ಮೇಲ್ಮಣ್ಣು ಸುಟ್ಟುಹೋಗಿ ಅಲ್ಲಿಯವರೆಗೆ ಯಾರೂ ನೋಡದಿದ್ದ ಕೆತ್ತನೆಗಳು ಹೊರಬಿದ್ದವು. ಅವುಗಳಲ್ಲಿ ಅಪರೂಪದ ಒಂದು ಕಲ್ಲನ್ನು ಪೂರ್ತಿ ದಾಖಲಿಸಿಕೊಂಡು ಮತ್ತೆ ಮಣ್ಣು ಮುಚ್ಚಿದರು. ಅದನ್ನು ಉಳಿಸಲು ಅದೇ ಸರಿಯಾದ ದಾರಿಯಾಗಿತ್ತು.

ಬೆಳಕು ನೋಡಿ ಕೆಲಸ

ನಡುಹಗಲ ಬಿಸಿಲಲ್ಲಿ ಇದೇ ಬಂಡೆ ಬರೀ ಚಪ್ಪಟೆ ಕಲ್ಲು. ಬೆಳಗ್ಗೆ ಬೇಗ ಅಥವಾ ಸಂಜೆ, ಸೂರ್ಯ ಕೆಳಗಿದ್ದಾಗ ಹೋಗಿ. ಚಳಿಗಾಲ ಇನ್ನೂ ಒಳ್ಳೆಯದು, ಅಲ್ಲಿ ಸೂರ್ಯ ಇಡೀ ದಿನ ತಗ್ಗಿನಲ್ಲೇ ಇರುತ್ತಾನೆ. ಮೋಡ ಕವಿದಿದ್ದರೆ ಕತ್ತಲಾಗುವವರೆಗೆ ಕಾಯಿರಿ. ಟಾರ್ಚನ್ನು ಬಂಡೆಯ ಮಟ್ಟಕ್ಕೆ ಇಳಿಸಿ, ಬೆಳಕು ಮೇಲ್ಮೈಯನ್ನು ಸವರಿಕೊಂಡು ಹೋಗುವಂತೆ ಹಿಡಿಯಿರಿ. ಗುಳಿಯ ಒಂದು ಬದಿ ಕಪ್ಪಾಗುತ್ತದೆ, ಎದುರಿನ ಅಂಚು ಹೊಳೆಯುತ್ತದೆ. ಆಮೇಲೆ ಟಾರ್ಚನ್ನು ನಿಧಾನಕ್ಕೆ ಸುತ್ತ ತನ್ನಿ. ಒಂದು ದಿಕ್ಕಿನಿಂದ ಸುಳಿವೇ ಇಲ್ಲದ ಉಂಗುರ ಇನ್ನೊಂದು ದಿಕ್ಕಿನಿಂದ ಎದ್ದು ನಿಲ್ಲುತ್ತದೆ. ನಾಲ್ಕು ದಿಕ್ಕಿನಿಂದಲೂ ಫೋಟೊ ತೆಗೆಯಿರಿ.

ಫೋಟೊಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ ಬಂಡೆಯ ಮೂರು ಆಯಾಮದ ಮಾದರಿ ಮಾಡಲು ಹೊರಟರೆ ಲೆಕ್ಕ ತಿರುವುಮುರುವು. ಆಗ ನೆರಳೇ ಬೇಡ, ಮೋಡದ ದಿನವೇ ಬೇಕು. ಬಂಡೆಯ ಸುತ್ತ ಸಣ್ಣ ಹೆಜ್ಜೆ ಇಡುತ್ತಾ, ಪ್ರತಿ ಫೋಟೊದ ಮೂರನೇ ಎರಡು ಭಾಗವಾದರೂ ಹಿಂದಿನದರ ಮೇಲೆ ಬೀಳುವಂತೆ ತೆಗೆಯುತ್ತಾ ಹೋಗಿ. ಒಂದು ಸುತ್ತು ಕೆಳಮಟ್ಟದಿಂದ, ಒಂದು ಮೇಲಿನಿಂದ, ಆಮೇಲೆ ಹತ್ತಿರದಿಂದ. ಜೂಮ್ ಬದಲಿಸಬೇಡಿ, ಫ್ಲ್ಯಾಷ್ ಹಾಕಬೇಡಿ. ಅಳತೆಪಟ್ಟಿ ಬಂಡೆಯ ಪಕ್ಕದಲ್ಲಿರಲಿ, ಕೆತ್ತನೆಯ ಮೇಲಲ್ಲ. ಚಿಕ್ಕ ಬಂಡೆಗೂ ಐವತ್ತು ಫೋಟೊ ಬೇಕಾಗಬಹುದು.

ಎಲ್ಲಿದೆ ಎಂದು ಬರೆಯುವುದು

ಬ್ರಿಟನ್ನಿನ ನಕ್ಷೆಯ ಗ್ರಿಡ್‌ನಲ್ಲಿ, ಅಂದರೆ ಅದರ ಮೇಲಿನ ಚೌಕಗಳ ಜಾಲದಲ್ಲಿ, ಜಾಗದ ಗುರುತಿಗೆ 8 ಅಂಕಿ ಬರೆದರೆ 10 ಮೀಟರ್‌ ಚೌಕ, 10 ಅಂಕಿ ಬರೆದರೆ 1 ಮೀಟರ್ ಚೌಕ ಸಿಗುತ್ತದೆ. ಆದರೆ ಕೈಯಲ್ಲಿರುವ ಜಿಪಿಎಸ್ಸೇ ಕೆಲವು ಮೀಟರ್ ತಪ್ಪಬಹುದು. ಪರದೆಯಲ್ಲಿ ತೋರಿಸಿದ ನಿಖರತೆಯನ್ನೂ ಜೊತೆಗೇ ಬರೆದಿಡಿ. ಒಂದೇ ತರಹದ ನಾಲ್ಕು ಬಂಡೆಗಳು ಅಕ್ಕಪಕ್ಕ ಇದ್ದರೆ ಅಂಕಿಗಳು ಸಾಲವು. ಹತ್ತು ಹೆಜ್ಜೆ ಹಿಂದೆ ಹೋಗಿ, ಹಿಂದಿನ ಗುಡ್ಡದ ಸಾಲು ಕಾಣುವಂತೆ ಒಂದು ಫೋಟೊ ತೆಗೆಯಿರಿ. ಬಂಡೆಯ ಬಳಿ ನಿಂತರೆ ಏನೇನು ಕಾಣುತ್ತದೆ? ಕಣಿವೆಯೇ, ನೀರಿನ ಸೆಲೆಯೇ, ಹಳೆಯ ಕಲ್ಲುಗುಪ್ಪೆಯೇ? ಕೆತ್ತಿದವರು ಈ ಜಾಗವನ್ನೇ ಏಕೆ ಆರಿಸಿದರು ಎಂದು ಮುಂದೆ ಯೋಚಿಸುವವರಿಗೆ ಈ ಸಾಲುಗಳೇ ಬೇಕಾಗುತ್ತವೆ.

ಕಂಡದ್ದು ಬೇರೆ, ಅನ್ನಿಸಿದ್ದು ಬೇರೆ

ಬಂಡೆಯ ಉದ್ದ, ಅಗಲ, ಎತ್ತರ, ಯಾವ ಕಡೆಗೆ ಇಳಿಜಾರು ಎಂಬುದನ್ನು ಬರೆಯಿರಿ. ಗುಳಿಗಳೆಷ್ಟು, ಉಂಗುರಗಳೆಷ್ಟು, ಗೀರುಗಳೆಷ್ಟು ಎಣಿಸಿ. ಎಣಿಸುವಾಗ ಮೋಸ ಹೋಗುವುದು ಸುಲಭ. ಮರಳುಗಲ್ಲಿನಲ್ಲಿ ನೀರು ಕೊರೆದ ಗುಳಿಗಳೂ ಇರುತ್ತವೆ. ಅವು ಸಾಮಾನ್ಯವಾಗಿ ಅಂಕುಡೊಂಕು, ಆಳವೂ ಒಂದೇ ತರಹ ಇರುವುದಿಲ್ಲ. ಮನುಷ್ಯರು ಮಾಡಿದ್ದು ಬಟ್ಟಲಿನಂತೆ ದುಂಡಗಿರುತ್ತದೆ, ಸವೆಯದೆ ಉಳಿದಿದ್ದರೆ ಒಳಗೆ ಕುಟ್ಟಿದ ಚುಕ್ಕೆಗಳು ಸಿಗುತ್ತವೆ. ತೀರಾ ಚೂಪಾದ ಅಂಚಿನ ಗೀರು ಕಂಡರೆ ಇತ್ತೀಚಿನದಿರಬಹುದು ಎಂದು ಅನುಮಾನಿಸಿ. ಗೊತ್ತಾಗದಿದ್ದರೆ ‘ಖಚಿತವಿಲ್ಲ’ ಎಂದೇ ಬರೆಯಿರಿ. ‘ಸೂರ್ಯನ ಚಿತ್ರ’ ಎಂದು ಬರೆಯಬೇಡಿ. ‘ಒಂದು ಗುಳಿ, ಸುತ್ತ ಎರಡು ಉಂಗುರ, ಒಂದು ಗೀರು’ ಎಂದರೆ ಸಾಕು. ಕಲ್ಲು ಈಗ ಹೇಗಿದೆ ಎಂಬುದನ್ನೂ ಸೇರಿಸಿ: ಹೊಸ ಬಿರುಕು, ಕುರಿಗಳು ಮೈ ಉಜ್ಜಿದ ಜಾಗ, ಕಾಲುದಾರಿ ಬಂಡೆಯ ಮೇಲೇ ಹಾದುಹೋಗಿದ್ದರೆ ಅದು.

ಒಂದು ರೇಖಾಚಿತ್ರವನ್ನೂ ಅಲ್ಲೇ ಕೂತು ಬರೆಯಿರಿ. ಚೆಂದ ಬರದಿದ್ದರೂ ಚಿಂತೆಯಿಲ್ಲ. ಬರೆಯುವಾಗ ಕಣ್ಣು ಪ್ರತಿ ಗೀರನ್ನೂ ಹಿಂಬಾಲಿಸಲೇಬೇಕು. ಫೋಟೊದಲ್ಲಿ ತಪ್ಪಿಸಿಕೊಂಡ ಗುಳಿ ಬಹಳ ಸಲ ಪೆನ್ಸಿಲ್‌ಗೇ ಸಿಗುವುದು.

ಫೋಟೊಗಳಿಗೆ ಹೆಸರು, ದಿನಾಂಕ ಹಾಕುವುದನ್ನು ಅದೇ ರಾತ್ರಿ ಮುಗಿಸಿ. ವಾರ ಕಳೆದರೆ ಎಲ್ಲ ಬಂಡೆಗಳೂ ಒಂದೇ ತರಹ ಕಾಣುತ್ತವೆ. ಬಂಡೆಗೆ ಹಳೆಯ ಸಂಖ್ಯೆ ಇದ್ದರೆ ಅದನ್ನೇ ಉಳಿಸಿಕೊಳ್ಳಿ. ಆಮೇಲೆ ಫೋಟೊ, ಚಿತ್ರ, ಟಿಪ್ಪಣಿ ಎಲ್ಲದರ ಒಂದು ಪ್ರತಿಯನ್ನು ಮೊದಲು ನೋಡಿದ ಆ ಪಟ್ಟಿಯ ಕಚೇರಿಗೆ ಕಳಿಸಿ, ತಲುಪಿತೇ ಎಂದು ಕೇಳಿ ತಿಳಿದುಕೊಳ್ಳಿ.